ಬರೀ ಕಾಲು

ತೇಮಾ ಬಂದರಿನಿಂದ ಬಂದ ಪೆಟ್ಟಿಗೆ ಒಡೆದರೆ
ಬರೀ ಕಾಲು.
ಹತ್ತು ಕಿಲೋ ಕಾಲು, ಒಂದಕ್ಕೊಂದು ಅಂಟಿ
ಕಲ್ಲಾಗಿ ಕೂತದ್ದು.
ಸುತ್ತಿಗೆಯಲ್ಲಿ ಹೊಡೆದು ಬಿಡಿಸುವುದು ನನ್ನ ಕೆಲಸ,
ಅಕಾಟ್ಸಿ ಸಂತೆಯ ಕೋಲ್ಡ್ ಸ್ಟೋರಿನಲ್ಲಿ.

ಎದುರಿಗೇ ಜಿಗ್ಬೋಡಿ ಅತ್ತೆಯ ಬುಟ್ಟಿ.
ಅದರಲ್ಲಿ ಇಡಿಯಾದ ಕೋಳಿಗಳು:
ಕಣ್ಣು, ಕೊಕ್ಕು, ಜುಟ್ಟು, ಸಿಟ್ಟು
ಎಲ್ಲ ಇರುವಂಥವು.
ನಮ್ಮ ಎವೆ ಮಾತಿನಲ್ಲಿ ಅವಳ ಹೆಸರಿಗೆ ತಾಳ್ಮೆ ಎಂದರ್ಥ.
ಹೆಸರಿಗಷ್ಟೇ.

“ಲೋ ಸೆಲೋರ್ಮ್, ಈ ಕಾಲಿನ ಒಡತಿ ಎಲ್ಲಿ?
ಎದೆ ಯಾರ ತಟ್ಟೆಗೆ ಹೋಯಿತು?
ಮಿಕ್ಕ ಮೈ ಅಲ್ಲೇ ಬಿಟ್ಟು
ಕಡಲ ಮೇಲೆ ನಡೆದೇ ಬಂದವೇನೋ ಇವು?”
ನಾನು ನಗುತ್ತೇನೆ. ಬೆರಳು ಮರಗಟ್ಟಿರುತ್ತದೆ.
ಅವಳ ಬೆಲೆಯ ಅರ್ಧಕ್ಕೆ ಮಾರುವವನು ನಾನೇ.

ಆ ಮಂಗಳವಾರ ರೇಡಿಯೋದಲ್ಲಿ ಒಪ್ಪಂದ.
ಸಹಿ ಬಿತ್ತು, ಚಪ್ಪಾಳೆ ಬಿತ್ತು.
ಇನ್ನು ಸುಂಕವಿಲ್ಲ, ತಡೆಯಿಲ್ಲ,
ಬಾಗಿಲು ಎರಡೂ ಕಡೆಗೆ ತೆರೆದಿದೆ,
ನಮ್ಮ ಕೋಳಿಯೂ ಅವರ ದೇಶಕ್ಕೆ ಹೋಗಬಹುದು ಎಂದರು ಮಂತ್ರಿಗಳು.
ಅತ್ತೆ ಬುಟ್ಟಿಯೊಳಗೆ ಕೈಯಾಡಿಸಿ ಎಣಿಸಿದಳು.
“ಹನ್ನೊಂದಿವೆ.
ಹಡಗು ಎಷ್ಟು ಹೊತ್ತಿಗೆ?”

ಮುಂದಿನ ಸುದ್ದಿ ದೇಶದ ಸಾಲದ್ದು.
ತಲೆಗೆ ಇಷ್ಟೆಂದು ಹಂಚಿ ಹೇಳಿದರು.
ಅವಳು ತಲೆ ಮುಟ್ಟಿ ನೋಡಿಕೊಂಡಳು,
ಸಿಂಬೆ ಇತ್ತು, ಬೇರೇನೂ ಇರಲಿಲ್ಲ.

ಸಂಜೆ ಸೂಸೂ ಚೀಟಿಯ ಟಾಮಕ್ಲೋ ಬಂದ.
ದಿನಕ್ಕೆ ಐದು ಸೆಡಿ, ಕಾರ್ಡಿನ ಒಂದು ಮನೆಗೆ ಒಂದು ಗೀಟು.
ಮೂವತ್ತೊಂದು ಮನೆ. ಮೂವತ್ತು ಅವಳದು,
ಒಂದು ಅವನ ಸವೆದ ಚಪ್ಪಲಿಯದು.
“ಅಕ್ಷರ ಬಾರದ ನಾನೂ ಇದನ್ನು ಓದಬಲ್ಲೆ.
ಅವರು ಸಹಿ ಹಾಕಿದ್ದನ್ನು
ಹಾಕಿದವರೇ ಓದಿಲ್ಲ, ಬೇಕಾದರೆ ಪಂದ್ಯ.”
ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ, ಎಂದೆ.
“ಕೇಳುವುದು ಬೇಡ ಬಿಡು.
ಅರೆಯುವ ಕಲ್ಲೂ ನಮ್ಮದೇ, ಮೆಣಸೂ ನಮ್ಮದೇ,
ಅದನ್ನಾದರೂ ಹೇಳಬಾರದೇ?”

ಶುಕ್ರವಾರ ಬಿಳಿಯ ಪಿಕಪ್ ಒಂದು ಬಂದು ನಿಂತಿತು.
ಒಪ್ಪಂದದ ಸಂತೋಷಕ್ಕೆ ಊಟವಂತೆ,
ದೊಡ್ಡವರು ಬರುತ್ತಾರಂತೆ.
ನಾನು ಪೆಟ್ಟಿಗೆ ಮುಂದೆ ತಳ್ಳಿದೆ.
ಡ್ರೈವರ್ ಮೂಗು ಮುರಿದ:
“ಇದಲ್ಲ ಮಾರಾಯ. ನಾಟಿ ಬೇಕು.”
ಹನ್ನೊಂದನ್ನೂ ಕಾಲು ಕಟ್ಟಿ ಎತ್ತಿಕೊಂಡು,
ಲೆಕ್ಕ ಬರೆದಿಟ್ಟಿರು, ಆಫೀಸಿನಿಂದ ಬರುತ್ತದೆ, ಅಂದ.

ಅವಳು ಬರೆದಿಟ್ಟಳು.
ನನ್ನ ಫ್ರೀಜರಿನ ಬಾಗಿಲ ಮೇಲೆ ಇದ್ದಿಲಲ್ಲಿ
ಹನ್ನೊಂದು ಗೀಟು.

ಮಳೆಗಾಲ ಬಂತು. ಆಫೀಸು ಬರಲಿಲ್ಲ.
ಕರೆಂಟು ಹೋದಾಗಲೆಲ್ಲ ಬಾಗಿಲು ಬೆವರುತ್ತದೆ,
ಸರಕಾರದ ಸಾಲ ಕರಗಿ
ಕಪ್ಪಾಗಿ ಕೆಳಗಿಳಿಯುತ್ತದೆ.
ಬೆಳಿಗ್ಗೆ ಬಂದವನೇ ಮತ್ತೆ ಎಳೆಯುತ್ತೇನೆ. ಅವಳು ಹೇಳಿಲ್ಲ,
ನಾನೇ ಎಳೆಯುತ್ತೇನೆ.

ನಿನ್ನೆ ಕೈತಪ್ಪಿ ಹನ್ನೆರಡಾಯಿತು.
ಒರೆಸಲು ಹೋದೆ.
“ಇರಲಿ ಬಿಡು,” ಎಂದಳು ಅತ್ತೆ,
ಖಾಲಿ ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಕೂತು,
“ಅದು ಬಡ್ಡಿ.”