ಎಡಕ್ಕ ಜಗ್ಗುವ ಗಾಡಿ

ಸ್ಟೇರಿಂಗ್ ಬಿಟ್ರ ಸಾಕು, ಎಡಕ್ಕ ಹೋಗ್ತದ,
ಅಂದ್ರು ರತ್ನಕಲಾ ಸಿಸ್ಟರ್.
ಎಡಕ್ಕ ಹೂಡಿ ರೂಢಿಯಾದ ಎತ್ತು
ಒಂಟಿ ಬಿಟ್ಟರೂ ಜೊತಿಗಾರನ ಜಾಗ ಬಿಟ್ಟು ನಡೀತದಲ್ಲ, ಹಂಗ.
ಮೂರು ಸಲ ಅಲೈನ್‌ಮೆಂಟ್ ಮಾಡಿಸ್ಯಾರ,
ಟೈರಿನ ಒಳಮಗ್ಗಲು ಬೋಳಾಗಿ ತಂತಿ ಕಂಡದ.
ಶಹಾಬಾದ ದವಾಖಾನಿಯಾಗ ರಾತ್ರಿ ಪಾಳಿ,
ವಾರಕ್ಕ ಆರು ಸಲ ಅದೇ ಹಾದಿ.

ಆಳಂದ ನಾಕಾದ ಹಿಂದ ನನ್ನ ಶೆಡ್ಡು.
ಮ್ಯಾಲೆ ತಗಡು, ನೆಲಕ್ಕ ಶಹಾಬಾದ ಕಲ್ಲು.
ಲಾಡ್ಲೇಸಾಬನ ಹತ್ರ ಮಷಿನ್ ಇಲ್ಲ, ಕಲ್ಲೇ ಅವನ ಮಷಿನ್,
ಅಂತಾರ ಮಂದಿ. ಖರೆ ಅದ.
ಆ ಕಲ್ಲಿನ ಮ್ಯಾಲೆ ನೀರು ಹಾಕಿದ್ರ ಯಾವ ಕಡಿಗೂ ಹರಿಯಂಗಿಲ್ಲ,
ನಿಂತಲ್ಲೇ ವಿಚಾರ ಮಾಡ್ತದ.

ಮುಂದಿನ ಗಾಲಿ ಬಿಚ್ಚಿ,
ಇಂಜಿನ್ನಿಗಿ ಮ್ಯಾಲಿಂದ ಸರಪಳಿ ಕಟ್ಟಿ ತೂಗುಬಿಟ್ಟೆ.
ಸಬ್‌ಫ್ರೇಮಿನ ನಾಕು ಬೋಲ್ಟು ರಾತ್ರೆಲ್ಲ ಡೀಸೆಲ್ ಕುಡದ್ವು.
ಮುಂಜಾನಿ ಮೂರು ಬಂದ್ವು.
ನಾಕನೇದು ತಲಿ ಕೊಟ್ಟಿತು, ಮೈ ಕೊಡಲಿಲ್ಲ.

ಮಧ್ಯಾಹ್ನ ಇಳಿಸಿದಾಗ ಪೊಳ್ಳಿನೊಳಗಿಂದ
ಉದುರಿತು ಒಂದು ಬೊಗಸಿ ಎರಿ ಮಣ್ಣು,
ಮಣ್ಣಿನ ಸಂಗಾಟ ಒಣಗಿದ ತೊಗರಿಕಾಯಿ ಒಂದು,
ಒಳಗ ನಾಕು ಕಾಳು, ಇನ್ನೂ ಗಟ್ಟಿ.
ನಿಂತ ಗಾಡಿಗಿ ಯಾರೋ ಬಡದಿದ್ರು, ಬಂಪರ್ ತರಚಿತ್ತಷ್ಟೇ ಅಕ್ಕಾ,
ಅಂದಿದ್ದನಂತ ಮಾರಿದವ.
ನಿಂತ ಗಾಡಿ ತೊಗರಿ ಹೊಲ ಹೆಂಗ ಹೊಕ್ಕಿತು?

ಕಲ್ಲಿನ ಮ್ಯಾಲೆ ಇಟ್ಟು
ಮೂಲಿಯಿಂದ ಮೂಲಿಗಿ ದಾರ ಎಳದೆ.
ಈ ಅಡ್ಡಕ್ಕೂ ಆ ಅಡ್ಡಕ್ಕೂ ಹನ್ನೊಂದು ಮಿಲಿಮೀಟರ್ ಫರಕು.
ಕಿರುಬೆರಳಿನ ಉಗುರು, ಅಷ್ಟೇ.
ತಂತಿ ಬ್ರಶ್ ಹಿಡಿದು ಕರಿ ಬಣ್ಣ ಕೆರದೆ.
ಎಡಗಡಿ ಲೋವರ್ ಆರ್ಮಿನ ಕಿವಿಯ ಬಾಜೂಕ
ವೆಲ್ಡಿಂಗಿನ ಹೊಲಿಗಿ:
ಮೀನ ಹುರುಪಿಯಂಗ ಒಂದರ ಮ್ಯಾಲೆ ಒಂದು,
ಕೊನಿಗಿ ಬಲಕ್ಕ ತಿರುಗಿದ ಸಣ್ಣ ಬಾಲ.

ಬಾಲ ನೋಡಿ ಕೈ ನಿಂತಿತು.
ಈ ಊರಾಗ ಆ ಬಾಲ ಬಿಡೋ ಚಟ ಒಬ್ಬನದೇ.

ಆಗ ನನಗ ಹತ್ತೊಂಬತ್ತು.
ಕೆಳಗ ಯಾವನು ಮಲಗಿ ನೋಡ್ತಾನೋ, ಬಣ್ಣ ಹೊಡಿ, ಮುಗಿಸು,
ಅಂದಿದ್ದ ಉಸ್ತಾದ್ ನಬೀಲಾಲ.
ನಾನರ ಏನು ಕಡಿಮಿ?
ಹೊಲಿಗಿ ಚಲೋ ಬಂದದಂತ ನಾಕ ಮಂದಿಗಿ ಕರದು ತೋರಿಸಿದ್ದೆ.
ಬಣ್ಣ ಹಚ್ಚುವಾಗ ಹೊಟ್ಟ್ಯಾಗ ಕಸಿವಿಸಿ ಆಗಿತ್ತು.
ಗಾಡಿಯ ಸಲುವಾಗಿ ಅಲ್ಲ,
ನನ್ನ ಹೊಲಿಗಿ ಮುಚ್ಚಿ ಹೋಗ್ತದಂತ.

ಸಂಜಿಕ ಡಬ್ಬಿ ಹಿಡಕೊಂಡು ಬಂದ್ರು ಸಿಸ್ಟರ್,
ಕಲ್ಲಿನ ಮ್ಯಾಲೆ ಬಿದ್ದದ್ದು ನೋಡಿದ್ರು, ಕುಕ್ಕರಗಾಲಿಲೆ ಕುಂತು.
ಎಲಬು ಸೊಟ್ಟ ಕೂಡ್ಯದ. ಇಂಥಾದ್ದು ನಾವು ಮತ್ತ ಮುರದೇ ಕೂಡಸ್ತೀವಿ.
ಯಾರು ಮಾಡಿದ್ದಿದು?
ನಾ ಒಂದೊಂದೇ ನಟ್ಟು ಒರಸಿದೆ.
ಹಳೇ ಕೆಲಸರೀ, ಅಂದೆ.
ಸುಳ್ಳಲ್ಲ. ಖರೇನೂ ಅಲ್ಲ.
ಹನ್ನೊಂದು ಮಿಲಿಮೀಟರ್ ಫರಕು.

ಹೈದರಾಬಾದ ಬಸ್ಸಿನ ಟಾಪ್ ಮ್ಯಾಲೆ, ಗೋಣಿಚೀಲದಾಗ
ಹೊಸ ಸಬ್‌ಫ್ರೇಮ್ ಬಂತು. ದಾರ ಎಳದೆ, ಎರಡೂ ಅಡ್ಡ ಒಂದೇ.
ಆರ್ಮು ಹೊಸಾದು, ಬಾಲ್ ಜಾಯಿಂಟ್ ಹೊಸಾದು,
ಬೋಲ್ಟು ಹಳೇವು ಮುಟ್ಟಲಿಲ್ಲ.
ಬುಶ್ಶಿಂದು ಒಂದು ಮಾತದ:
ಗಾಡಿ ಮ್ಯಾಲೆತ್ತಿದಾಗ ಬಿಗಿಬಾರದು.
ಗಾಲಿ ನೆಲ ಮುಟ್ಟಿ, ತನ್ನ ಭಾರ ತಾ ಹೊತ್ತ ಮ್ಯಾಲೆ,
ಕೆಳಗ ನುಗ್ಗಿ, ಬೆನ್ನಿಗಿ ಕಲ್ಲು ತಣ್ಣಗ ಹತ್ತಿರಲಿಕ್ಕ, ಬಿಗಿಬೇಕು.

ಮುಂಜಾನಿ ರಿಂಗ್ ರೋಡಿನ ಮ್ಯಾಲೆ ಕೈ ಬಿಟ್ಟೆ.
ಗಾಡಿ ತನ್ನ ಪಾಡಿಗಿ ತಾ ಹೊಂಟಿತು.

ಚೀಟಿ ಬರದು ಕೊಟ್ಟೆ.
ಮಜೂರಿ ಹಾಕಿಲ್ಲಲ್ಲ, ಮರೆತ್ಯೇನಪ್ಪ?
ಇಲ್ರಿ, ಮೊದಲೇ ತಗೊಂಡೀನಿ.
ಯಾವಾಗ, ಅನ್ನೋ ಹಂಗ ನೋಡಿದ್ರು.
ನಾ ಸರಪಳಿ ಸುತ್ತಿಡಲಿಕ್ಕ ಹೋದೆ.

ನಾಕಾ ದಾಟೂದ್ರಾಗ ಫೋನು:
ಲಾಡ್ಲೇಸಾಬ, ಈಗ ಬಲಕ್ಕ ಹೋಗ್ತದಲ್ಲೋ!
ಗಾಡಿ ಅಲ್ರಿ ಸಿಸ್ಟರ್, ನಿಮ್ಮ ಕೈ.
ಎಷ್ಟೋ ವರ್ಷ ಬಲಕ್ಕ ಜಗ್ಗ್ಯಾವ.
ರೂಢಿ ತಪ್ಪಲಿಕ್ಕ ನಾಕ ದಿನ ಬೇಕು.