ಕಾಲು ಮಾತ್ರೆ

ಟಿಕೆಟ್ ಕಿಟಕಿ ತಗ್ಗಿನಲ್ಲಿದೆ.
ದ್ವೀಪಗಳಿಗೆ ಹೋಗುವವರು ಬಗ್ಗಿ ಊರ ಹೆಸರು ಹೇಳುತ್ತಾರೆ,
ದೋಗ್ಯು ಬಗ್ಗಿ ಮುದ್ರೆ ಒತ್ತುತ್ತಾನೆ.
ಆ ಒಂದು ಗಳಿಗೆಯಲ್ಲಿ
ಮೊಕ್ಪೊ ಬಂದರಿನ ಅರ್ಧ ಜನ
ಅವನ ನಡುನೆತ್ತಿ ನೋಡಿದ್ದಾರೆ.
ಮೂವತ್ತಾರಕ್ಕೇ ಅಲ್ಲೊಂದು ಬಯಲು,
ಚಮಚದಷ್ಟು.

ಮಾತ್ರೆ ಅವನ ವಯಸ್ಸಿನದಲ್ಲ.
ಉಚ್ಚೆ ಕಟ್ಟಿದ ಮುದುಕರಿಗೆಂದು ಐದು ಮಿಲಿಗ್ರಾಂ;
ಒಂದನ್ನು ನಾಲ್ಕು ಮಾಡಿದರೆ ಕೂದಲಿಗೆ ಸಾಕು, ಅಗ್ಗ
ಎಂದು ಹಡಗುಕಟ್ಟೆಯ ಗೆಳೆಯರೆಲ್ಲ ಬಲ್ಲರು.
ಬಚ್ಚಲಿನ ಕದವಿಕ್ಕಿ
ಹಳೆಯ ಟಿಕೆಟ್ಟಿನ ಮೇಲೆ ಬ್ಲೇಡಿಟ್ಟು ಒತ್ತುತ್ತಾನೆ.
ನಾಲ್ಕು ಕಾಲೂ ಸಮ ಬರುವುದಿಲ್ಲ, ಯಾವತ್ತೂ.
ಪದ್ಯ ಕಟ್ಟುವವರಿಗೆ ಗೊತ್ತು:
ಕಾಲು ಮಾತ್ರೆ ಹೆಚ್ಚಾದರೂ
ಎಲ್ಲೋ ಏನೋ ಕುಂಟುತ್ತದೆ.
ಉದುರಿದ ಪುಡಿಯನ್ನು ಒದ್ದೆ ಕಾಗದದಲ್ಲಿ ಎರಡು ಸಲ ಒರೆಸುತ್ತಾನೆ.
ಹೇರಿಮ್ ಮುಟ್ಟಕೂಡದು,
ಬಸಿರಾಗಬೇಕೆಂದಿರುವವಳು.
ಹೊಟ್ಟೆಯ ಗಂಡುಕೂಸಿಗೆ ಈ ಪುಡಿ ಆಗದು.

ಔಷಧಿಯಂಗಡಿಯ ಪ್ಯೊ ಮೇಡಂ
ಕನ್ನಡಕ ಏರಿಸಿ ವಿವರಿಸಿದ್ದರು:
ಗಂಡಸಿನ ರಕ್ತದಲ್ಲಿ ಒಂದು ರಸ ಹರಿಯುತ್ತದೆ.
ಅದನ್ನು ಹಿಡಿದು ಸಾಣೆಗೆ ಕೊಟ್ಟು
ಇನ್ನೂ ಹರಿತ ಮಾಡುವ ಕಿಣ್ವವೊಂದಿದೆ.
ಆ ಹರಿತ ರಸಕ್ಕೆ ಎರಡು ನಾಲಿಗೆ:
ಗಡ್ಡಕ್ಕೆ ಬೆಳೆ ಎನ್ನುತ್ತದೆ,
ನೆತ್ತಿಗೆ ಸಾಕು ಎನ್ನುತ್ತದೆ.
ನೆತ್ತಿಯ ಬೇರು ಕೇಳಿ ಕೇಳಿ ಕುಗ್ಗುತ್ತದೆ,
ಕೂದಲು ನವಿರಾಗುತ್ತದೆ, ನವಿರು ಇಲ್ಲವಾಗುತ್ತದೆ.
ಮಾತ್ರೆ ಮಾಡುವುದಿಷ್ಟೇ,
ಸಾಣೆಗಾರನ ಕೈ ಹಿಡಿದುಕೊಳ್ಳುವುದು.
ಆರು ತಿಂಗಳಾದರೂ ಬೇಕು. ಬಿಟ್ಟರೆ ಬಂದದ್ದೂ ಹೋಗುತ್ತದೆ.

ಆಮೇಲೆ ದನಿ ತಗ್ಗಿಸಿ, ರಸೀದಿ ಮಡಚುತ್ತ:
“ನೂರರಲ್ಲಿ ಒಬ್ಬಿಬ್ಬರಿಗೆ ಮನಸ್ಸು ಏಳುವುದಿಲ್ಲ,
ಮೈ ಏಳುವುದಿಲ್ಲ, ವೀರ್ಯ ಕಡಿಮೆಯಾಗಬಹುದು.
ಬಿಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ.
ಹೋಗಲಿಲ್ಲ ಎನ್ನುವವರೂ ಇದ್ದಾರೆ.
ಹೇಳಬೇಕಾದ್ದು, ಹೇಳಿದೆ.
ಹೇಳಿಸಿಕೊಂಡವರಲ್ಲೇ ಹೆಚ್ಚು, ಅದೊಂದು ತಮಾಷೆ.”

ಬೋಳುತಲೆಗೂ ಮೊಣಕಾಲಿಗೂ ಗಂಟು ಹಾಕಬೇಡ
ಅನ್ನುತ್ತೇವಲ್ಲ ನಾವು,
ಗಂಟು ಇದ್ದೇ ಇತ್ತು ಮಹಾರಾಯರೆ,
ಮೊಣಕಾಲಿಗಿಂತ ಒಂದು ಗೇಣು ಮೇಲೆ.

ಐದನೇ ತಿಂಗಳು, ಚಮಚದ ಬಯಲಲ್ಲಿ
ಗರಿಕೆಯಂಥದ್ದೇನೋ.
ಕನ್ನಡಿಗೆ ಕನ್ನಡಿ ಹಿಡಿದು ನೋಡಿಕೊಂಡ.
ಅದೇ ತಿಂಗಳು
ಹೇರಿಮ್ ಕ್ಯಾಲೆಂಡರಿನಲ್ಲಿ ಕೆಂಪು ಸುತ್ತು ಹಾಕಿಟ್ಟ ಮೂರೂ ರಾತ್ರಿ
ಅವನು ಸೋತ.
ದಣಿವು ಎಂದ. ಚುಸೋಕ್ ಹಬ್ಬದ ನೂಕುನುಗ್ಗಲು ಎಂದ.
ಅವಳು ಸಮಾಧಾನಕ್ಕೆ ಅವನ ತಲೆಯಲ್ಲಿ ಬೆರಳಾಡಿಸಿದಳು.
ಹೊಸ ಕೂದಲು ಸಿಕ್ಕಿತು.
ಬೆರಳು ಅಲ್ಲೇ ನಿಂತಿತು.

ಕೂಗಾಡಲಿಲ್ಲ. ದೀಪ ಹಾಕಿ, ಡಬ್ಬಿ ಹುಡುಕಿಸಿ,
ಒಳಚೀಟಿಯ ಮಡಿಕೆ ಬಿಚ್ಚಿ ಕೊನೆಯ ಸಾಲಿನವರೆಗೂ ಓದಿದಳು,
ಗಟ್ಟಿಯಾಗಿ, ಹಡಗಿನ ವೇಳಾಪಟ್ಟಿಯ ಹಾಗೆ.
“ನಾನು ಕೇಳಿದ್ದು ಮಗು,” ಎಂದಳು.
“ಕೂದಲು ಯಾರು ಕೇಳಿದರು?”
ಕಿಟಕಿ ಎನ್ನಲು ಅವನಿಗೆ ನಾಚಿಕೆಯಾಯಿತು.

ಬಿಟ್ಟ. ನಾಲ್ಕನೇ ರಾತ್ರಿಯೇ
ಮೈ ಹಳೆಯ ಪರಿಚಯ ತೋರಿಸಿತು.
ಪ್ಯೊ ಮೇಡಂ ತಲೆಯಾಡಿಸಿದರು:
ಅಷ್ಟು ಬೇಗ ಇಳಿಯುವುದಲ್ಲವಲ್ಲ ಅದು, ವಾರಗಳೇ ಹಿಡಿಯುತ್ತವೆ.
ಹಾಗಾದರೆ ಅವನನ್ನು ಕಟ್ಟಿಹಾಕಿದ್ದು
ಮಾತ್ರೆಯೋ,
ಮಾತೋ?
ಗೊತ್ತಿಲ್ಲಪ್ಪ ಎಂದು
ಮುಂದಿನ ಗಿರಾಕಿಗೆ ಅದೇ ವಾಕ್ಯ ಹೇಳಲು ಹೋದರು,
ದನಿ ತಗ್ಗಿಸಿ.

ಡಬ್ಬಿಯಲ್ಲಿ ಏಳು ಕಾಲುಗಳು ಉಳಿದಿವೆ. ಎಸೆದಿಲ್ಲ.
ಬಚ್ಚಲ ಜಾಲರಿಯಲ್ಲಿ ಈವತ್ತು ಹದಿನಾಲ್ಕು ಕೂದಲು, ಎಣಿಸಿದ.
ಬೆಳಗಿನ ಎರಡನೇ ಹಡಗಿನ ಹೊತ್ತಿಗೆ
ಒಣಮೀನಿನ ಮೂಟೆಯ ಅಜ್ಜಿಯೊಬ್ಬಳು ಕಿಟಕಿಗೆ ಬಂದಳು.
ಹಿಂದಿನವರ ಚಿಲ್ಲರೆ ಎಣಿಸುತ್ತ ಬಗ್ಗಿದ್ದವನಿಗೆ
“ತಲೆ ಎತ್ತಪ್ಪ,” ಎಂದಳು,
“ಮುಖ ಕಾಣಿಸುತ್ತಿಲ್ಲ.
ಯಾವ ದ್ವೀಪಕ್ಕೆ ಅಂತ ಯಾರಿಗೆ ಹೇಳಲಿ?”