ಇಗರ್ಜಿಯ ಕೀಲಿ

ಕೀಲಿ ನನ್ನ ಸೊಂಟದಲ್ಲಿದೆ, ಇಪ್ಪತ್ತಾರು ವರ್ಷದಿಂದ.
ಮೊದಲು ದುಮಿಂಗನ ಬಳಿಯಿತ್ತು.
ಕುಡಿದು ಎರಡು ಸಲ ಕಳೆದಿದ್ದ; ಎರಡು ಸಲವೂ
ಚಿಪ್ಪಿ ಆರಿಸುವ ಹೆಂಗಸರಿಗೆ ಮರಳಲ್ಲಿ ಸಿಕ್ಕಿತು.

ಬೇಲೆಕೇರಿ ದಾಟಿ, ಕೊಲ್ಲಿ ಮೊಣಕೈ ಮಡಚುವಲ್ಲಿ
ನಮ್ಮ ಇಗರ್ಜಿ. ಚಿರೇಕಲ್ಲಿನ ಗೋಡೆ, ಚಿಪ್ಪಿಸುಣ್ಣ.
ಗಂಟೆ ಮಾತ್ರ ಒಡೆದ ಯಾವುದೋ ಹಡಗಿನದು,
ಹೆಸರಲ್ಲಿ ನಾಲ್ಕೇ ಅಕ್ಷರ ಉಳಿದಿವೆ,
ಕೂಡಿಸಿ ಓದಿದರೆ ಯಾವ ಭಾಷೆಯೂ ಅಲ್ಲ.

ನಾನು ಲಂಗದ ಹುಡುಗಿಯಿದ್ದಾಗ ನಲವತ್ತೆರಡು ಮನೆ.
ದೇವರ ಹತ್ತಿರ ಕೊಂಕಣಿ, ಮೀನಿನ ದರಕ್ಕೆ ಕನ್ನಡ.
ಫೆಸ್ತಿನ ಹಿಂದಿನ ಸಂಜೆ ಹರಿಕಂತ್ರರ ಗಣಪಿ
ಒಂದು ಮೇಣದಬತ್ತಿ ತಂದು ಮೆಟ್ಟಿಲ ಮೇಲೆ ಹಚ್ಚುವಳು,
ಗಂಡನ ದೋಣಿಯ ಲೆಕ್ಕಕ್ಕೆ.
ಒಳಗೆ ಬಾ ಅಂದರೆ, ಕಾಲು ಒದ್ದೆ ಅನ್ನುವಳು.

ಯಾರೂ ಒಂದೇ ದಿನ ಹೋಗಲಿಲ್ಲ.
ಇನಾಸ ವಾಸ್ಕೋಗೆ, ಹಡಗಿಗೆ ಬಣ್ಣ ಬಳಿಯಲು.
ಕಾಯ್ತಾನನ ಮೂವರು ಹೆಣ್ಣುಮಕ್ಕಳು
ಮಡಗಾಂವಿನ ಮೂರು ಅಡಿಗೆಮನೆಗಳಿಗೆ.
ಆಮೇಲೆ ಅದಿರಿನ ಲಾರಿ, ಹಗಲೂ ರಾತ್ರಿ.
ಬಳಿದ ಸುಣ್ಣ ವಾರದೊಳಗೆ ಕೆಂಪು.
ಪಿಯೆದಾದ್ ಮಾಯ್ ಸೆರಗಿನಿಂದ ಮಾತೆಯ ಮುಖ ಒರೆಸಿ
ನಾಚಿದಳೋ, ಸಿಟ್ಟಾದಳೋ ಎಂದು ಕೇಳುವಳು, ನನ್ನನ್ನು.

ಒಂದು ದಿನ ಲಾರಿಯೂ ನಿಂತಿತು.
ಪಾದ್ರಿ ವಾರಕ್ಕೊಮ್ಮೆ ಬರುತ್ತಿದ್ದವರು ತಿಂಗಳಿಗೊಮ್ಮೆ,
ತಿಂಗಳಿಗೊಮ್ಮೆ ಬರುತ್ತಿದ್ದವರು ಫೆಸ್ತಿಗೆ.
ಬಿಷಪ್ಪರ ಕಚೇರಿಯಿಂದ ಕಾಗದ ಬಂತು, ಬಹಳ ಮರ್ಯಾದೆಯ ಕಾಗದ:
ಪೂಜೆಯನ್ನು ‘ಸದ್ಯಕ್ಕೆ’ ನಿಲ್ಲಿಸಲಾಗಿದೆ.
ಆ ಸದ್ಯ ಹನ್ನೊಂದು ವರ್ಷ ಉದ್ದವಿತ್ತು.

ಪಿಯೆದಾದ್ ಹೋದ ಮೇಲೆ ತೇರ್ಸಿಗೆ ಇಬ್ಬರೇ,
ನಾನು ಮತ್ತು ಜೊಕಿಂ. ಜೊಕಿಂ ಕಿವುಡ.
ನಾನು ಅರ್ಧ ಹೇಳುವ ಮೊದಲೇ ಉಳಿದರ್ಧ ಮುಗಿಸಿರುತ್ತಿದ್ದ.
ದೇವರೇ ಜೋಡಿಸಿಕೊಳ್ಳಲಿ ಅಂದುಕೊಂಡೆ.

ಒಮ್ಮೆ ಕೀಲಿಯನ್ನು ಕಾಗದದಲ್ಲಿ ಸುತ್ತಿ
ಬಿಷಪ್ಪರಿಗೇ ಕಳಿಸಿಬಿಡೋಣವೆಂದು ಅಂಚೆಗೆ ಒಯ್ದೆ.
ತಕ್ಕಡಿಗಿಟ್ಟು ಅರವತ್ತೆರಡು ರೂಪಾಯಿ ಅಂದ.
ಬೇಡ ಬಿಡು ಅಂದೆ.
ಭಕ್ತಿಯಲ್ಲ ಅದು, ಜಿಪುಣತನ.
ಯಾರಾದರೂ ನನ್ನನ್ನು ಹೊಗಳುವ ಮೊದಲು ಹೇಳಿಟ್ಟಿರುತ್ತೇನೆ.

ಆ ವರ್ಷ ಶುಭ ಶುಕ್ರವಾರ, ನಡುಮಧ್ಯಾಹ್ನ,
ಬೇಲಿಯಾಚೆ ನಾಲ್ಕು ಹುಡುಗರು. ಟ್ರಾಲರಿನವರು.
ಗುಮ್ಲಾದ ಕಡೆಯ ಕಾಡಿನವರಂತೆ, ಕಡಲನ್ನೇ ಕಾಣದೆ ಬೆಳೆದವರು;
ಬಲೆ ಎಳೆದೆಳೆದು ಅಂಗೈ ಸೀಳಿತ್ತು.
ಮುಂದಿದ್ದವನು ಅಲ್ಬಿನುಸ್ ಕೆರ್ಕೆಟ್ಟಾ.
ಹಿಂದಿಯಲ್ಲಿ ಒಂದೇ ಮಾತು ಕೇಳಿದ: ಚಾಬಿ?

ಚಪ್ಪಲಿ ಹೊರಗೆ ಬಿಟ್ಟರು. ನಾವು ಯಾವತ್ತೂ ಬಿಟ್ಟವರಲ್ಲ.
ಬಾವಲಿಯ ಹಿಕ್ಕೆ ಗುಡಿಸಿ, ಮಾತಿಲ್ಲದೆ
ಸಂಜೆಯವರೆಗೆ ಮೊಣಕಾಲೂರಿದರು.
ಪಾಸ್ಕದ ದಿನ ಮಾತ್ರ ಮಾಂದರ್ ಹೆಗಲಿಗೇರಿಸಿ ಬಂದರು.
ಬಾರಿಸಿದ್ದಕ್ಕೆ ಗೋಡೆಯ ಸುಣ್ಣ ಉದುರಿತು.
ಜೊಕಿಂ ಎದ್ದ. ಇಗರ್ಜಿಯೋ, ಕುಣಿತದ ಮನೆಯೋ!
ಎರಡು ಭಾನುವಾರ ಮುಖ ತೋರಿಸಲಿಲ್ಲ.
ಮೂರನೆಯದಕ್ಕೆ ಬಂದು ಹಿಂದಿನ ಬೆಂಚಿನಲ್ಲಿ ಕೂತ,
ಅಂಗೈಯನ್ನು ಮರದ ಮೇಲೆ ಅಗಲವಾಗಿ ಚಾಚಿ.
ಈಗಲೂ ಹಾಗೇ ಕೂರುತ್ತಾನೆ. ಕೇಳಿದರೆ, ಕಾಲು ನೋವು ಅನ್ನುತ್ತಾನೆ.

ಪಾದ್ರಿ ತಿಂಗಳಿಗೆ ಎರಡು ಸಲ ಬೈಕಿನಲ್ಲಿ ಬರುತ್ತಾರೆ,
ಕೊಂಕಣಿ ನಾಲಗೆಯಲ್ಲಿ ಹಿಂದಿ ಓದುತ್ತಾರೆ.
ಹೋದ ಮಾಘದಲ್ಲಿ ಜ್ಞಾನಸ್ನಾನದ ಪುಸ್ತಕ ತೆರೆದೆವು.
ಅಂಚನ್ನು ಬೆಳ್ಳಿಹುಳ ತಿಂದಿತ್ತು. ಕೊನೆಯ ಹೆಸರು
ನನ್ನ ಅಣ್ಣನ ಮೊಮ್ಮಗನದು, ಈಗ ದೋಹಾದಲ್ಲಿ ಕ್ರೇನ್ ನಡೆಸುತ್ತಾನೆ.
ಅದರ ಕೆಳಗೇ, ಗೆರೆ ಬಿಡದೆ, ಅಲ್ಬಿನುಸನ ಮಗಳು.
ಗಣಪಿಯ ಸೊಸೆ ಕೂಸಿಗೆ ಬೆಳ್ಳಿಗೆಜ್ಜೆ ತಂದಿದ್ದಳು,
ಒಳಗೆ ಬಂದಳು, ಕಾಲು ಒದ್ದೆಯಿದ್ದೂ.

ಮಳೆಗಾಲದಲ್ಲಿ ಬೋಟು ದಡಕ್ಕೇರಿದರೆ ಹುಡುಗರು ಊರಿಗೆ.
ಆಗ ಮತ್ತೆ ನಾನು, ಜೊಕಿಂ, ಅವನ ಮುಂಚಿನ ಉತ್ತರ.
ಕೆಲವರು ಆಗಸ್ಟಿಗೆ ಮರಳುವುದಿಲ್ಲ. ಬೇರೆಯವರು ಬರುತ್ತಾರೆ,
ಹೆಸರು ಮತ್ತೆ ಕಲಿಯಬೇಕು, ಈ ವಯಸ್ಸಿನಲ್ಲಿ.

ಮೊನ್ನೆ ಅಂಕೋಲೆಯ ಬಸ್‌ಸ್ಟ್ಯಾಂಡಿನಲ್ಲಿ ಇನ್ನೊಂದು ಕೀಲಿ ಮಾಡಿಸಿದೆ.
ನೂರಿಪ್ಪತ್ತು ಅಂದ, ತೊಂಬತ್ತಕ್ಕೆ ಇಳಿಸಿದೆ.
ಸ್ವಲ್ಪ ಬಿಗಿ. ಬಾಗಿಲನ್ನು ಒಂದಿಷ್ಟು ಎತ್ತಿ ಹಿಡಿದು
ತಿರುಗಿಸಬೇಕು, ಒಮ್ಮೆ ಹಿಂದಕ್ಕೆ, ಆಮೇಲೆ ಮುಂದಕ್ಕೆ.
ಅಲ್ಬಿನುಸನ ಹೆಂಡತಿಗೆ ತೋರಿಸಿಕೊಟ್ಟಿದ್ದೇನೆ.